ಅಣಕದ ಅನಿಮೇಷನ್ ಸರಣಿಗಳಲ್ಲಿ ಯಾವುದು ಯಾರಿಗೆ: ಕೊಡಗಿನ ಪ್ರೇಕ್ಷಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ಅಮೆರಿಕದ ಅನಿಮೇಷನ್ ಹಾಸ್ಯ ಸರಣಿಗಳನ್ನು ನೋಡಲು ಆರಂಭಿಸಬೇಕೆಂದಿರುವ ಕೊಡಗಿನ ಪ್ರೇಕ್ಷಕರಿಗೆ ಭಾಷೆ ಅಂಥ ದೊಡ್ಡ ತೊಡಕಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಸಂಭಾಷಣೆ ಬಹುಮಟ್ಟಿಗೆ ತಿಳಿಯುತ್ತದೆ, ತಿಳಿಯದ ಕಡೆ ಸಬ್‌ಟೈಟಲ್ ನೆರವಿಗೆ ಬರುತ್ತದೆ. ಆದರೂ ಪಾತ್ರವೊಂದು ಇದ್ದಕ್ಕಿದ್ದಂತೆ ದನಿ ಬದಲಿಸಿ ಏನನ್ನೋ ಹೇಳಿದಾಗ, ಹಿನ್ನೆಲೆಯಲ್ಲಿ ಯಾವುದೋ ಹಳೆಯ ರಾಗ ಕೇಳಿಬಂದಾಗ, ಅಲ್ಲೊಂದು ಗೇಲಿ ನಡೆಯುತ್ತಿದೆ ಎಂಬುದಷ್ಟೇ ಗೊತ್ತಾಗಿ, ಅದು ಯಾರ ಗೇಲಿ ಎಂಬುದು ಗೊತ್ತಾಗದೆ ಹೋಗುತ್ತದೆ. ಸಿನಿಮಾ, ಟಿ.ವಿ. ಕಾರ್ಯಕ್ರಮ, ಜಾಹೀರಾತು, ತಾರೆಯರ ನಡೆನುಡಿ ಎಲ್ಲವನ್ನೂ ಈ ಸರಣಿಗಳು ಹೆಜ್ಜೆಹೆಜ್ಜೆಗೂ ಎಳೆದು ತರುವುದರಿಂದ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಮೊದಲು ನಮ್ಮ ಮನೆಯವರಿಗೆ ಏನೇನು ಗೊತ್ತಿದೆ ಎಂದು ಯೋಚಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಮುಖ್ಯವಾಗಿ ಐದು ಸರಣಿಗಳನ್ನು ಹೋಲಿಸಲಾಗಿದೆ: ದಿ ಸಿಂಪ್ಸನ್ಸ್, ಫ್ಯಾಮಿಲಿ ಗೈ, ಸೌತ್ ಪಾರ್ಕ್, ಫ್ಯೂಚುರಾಮಾ ಮತ್ತು ರಿಕ್ ಆ್ಯಂಡ್ ಮಾರ್ಟಿ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಬೇಕಾದ ಮಾತು ಕೊನೆಯ ಕಡೆಗೆ ಬರುತ್ತದೆ. ನಾನು ಬಳಸಿರುವ ಅಳತೆಗೋಲು ಒಂದೇ ಒಂದು: ಅಣಕಕ್ಕೆ ಗುರಿಯಾದ ಮೂಲವನ್ನು ಕಂಡೇ ಇರದ ಪ್ರೇಕ್ಷಕರ ಮುಂದೆ ಆ ಹಾಸ್ಯ ನಿಲ್ಲುತ್ತದೆಯೇ, ಇಲ್ಲವೇ ಎಂಬುದು. ಒಂದು ಕಂತಿನಲ್ಲಿ ಎಷ್ಟು ಉಲ್ಲೇಖಗಳು ಅಡಗಿವೆ ಎಂದು ಎಣಿಸುವ ಅಭಿಮಾನಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆ ಎಣಿಕೆಯಿಂದ ಸರಣಿಯ ಬರಹಗಾರರ ಓದು ಎಷ್ಟಿತ್ತೆಂದು ತಿಳಿಯಬಹುದೇ ಹೊರತು, ಗೋಣಿಕೊಪ್ಪಲಿನ ಒಂದು ಮನೆಯಲ್ಲಿ ಸಂಜೆ ಕೂತು ನೋಡುವವರಿಗೆ ನಗು ಬಂದೀತೇ ಎಂದು ತಿಳಿಯುವುದಿಲ್ಲ.

ಹೋಲಿಕೆಗೆ ಇಳಿಯುವ ಮೊದಲು, ಈ ಸರಣಿಗಳು ಪರರ ಕೃತಿಗಳನ್ನು ಬಳಸಿಕೊಳ್ಳುವ ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಂಡರೆ ಅನುಕೂಲ. ಅತ್ಯಂತ ಹಗುರವಾದದ್ದು ಹಾದುಹೋಗುವ ಉಲ್ಲೇಖ: ಗೋಡೆಯ ಮೇಲೊಂದು ಪೋಸ್ಟರ್, ಅಂಗಡಿಗೊಂದು ತಿರುಚಿದ ಹೆಸರು, ಎರಡು ಸೆಕೆಂಡಿನ ಹಿನ್ನೆಲೆ ಸಂಗೀತ. ಅದು ತಪ್ಪಿಹೋದರೂ ಕಥೆಗೆ ಏನೂ ಆಗುವುದಿಲ್ಲ. ಅದಕ್ಕಿಂತ ಭಾರವಾದದ್ದು ಪ್ರಸಿದ್ಧ ಸಿನಿಮಾ ಒಂದರ ಕಥೆಯ ಚೌಕಟ್ಟನ್ನೇ ತೆಗೆದು ತನ್ನ ಪಾತ್ರಗಳನ್ನು ಅದರೊಳಗೆ ಇಳಿಸುವುದು. ಮೂರನೆಯದು ಸರಣಿಯೊಳಗೇ ಒಂದು ಕಲ್ಪಿತ ಕಾರ್ಯಕ್ರಮವನ್ನು ಹುಟ್ಟಿಸಿ, ಅದರ ಮೂಲಕ ಒಂದು ಇಡೀ ಜಾತಿಯ ಕಾರ್ಯಕ್ರಮಗಳನ್ನು ಲೇವಡಿ ಮಾಡುವುದು. ಸಿಂಪ್ಸನ್ಸ್ ಮನೆಯ ಮಕ್ಕಳು ನೋಡುವ ಇಚ್ಚಿ ಮತ್ತು ಸ್ಕ್ರ್ಯಾಚಿ ಎಂಬ ರಕ್ತಸಿಕ್ತ ಬೆಕ್ಕು-ಇಲಿ ಕಾರ್ಟೂನ್ ಇದಕ್ಕೆ ಎಲ್ಲರಿಗೂ ತಿಳಿಯುವ ಉದಾಹರಣೆ. ಟಾಮ್ ಆ್ಯಂಡ್ ಜೆರ್ರಿಯನ್ನು ಕಂಡಿರದ ಮನೆ ನಮ್ಮ ಜಿಲ್ಲೆಯಲ್ಲಿ ಸಿಗಲಾರದು.

ದಿ ಸಿಂಪ್ಸನ್ಸ್: ಎರಡು ಬಾಗಿಲಿನ ಮನೆ

ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಕುಟುಂಬ 1987ರಲ್ಲಿ ದಿ ಟ್ರೇಸಿ ಉಲ್ಮನ್ ಷೋ ಎಂಬ ಕಾರ್ಯಕ್ರಮದ ನಡುನಡುವೆ ಬರುವ ಕಿರುತುಣುಕುಗಳಲ್ಲಿ ಕಾಣಿಸಿಕೊಂಡಿತು. 1989ರ ಡಿಸೆಂಬರ್ 17ರಿಂದ ಅದು ಅರ್ಧ ಗಂಟೆಯ ಸ್ವತಂತ್ರ ಸರಣಿಯಾಗಿ ಫಾಕ್ಸ್ ವಾಹಿನಿಯಲ್ಲಿ ಬರತೊಡಗಿ, ಈಗ 750ಕ್ಕೂ ಹೆಚ್ಚು ಕಂತುಗಳನ್ನು ದಾಟಿದೆ. ಅಷ್ಟನ್ನೂ ನೋಡುವ ಅಗತ್ಯ ಯಾರಿಗೂ ಇಲ್ಲ. ಅಣಕದ ಕಲೆಯನ್ನು ನೋಡಬೇಕೆಂದಿರುವವರು 1990ರ ದಶಕದ ಕಂತುಗಳಿಗೆ ಹೋದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಈ ಸರಣಿಯ ಬಲ ಎಲ್ಲಿದೆ ಎಂಬುದನ್ನು 1992ರ ಒಂದು ಕಂತಿನಿಂದಲೇ ತೋರಿಸಬಹುದು. ತಾಯಿ ಮಾರ್ಜ್ ಊರಿನ ನಾಟಕವೊಂದರಲ್ಲಿ ಪಾತ್ರ ವಹಿಸುತ್ತಾಳೆ, ಆ ನಾಟಕವೋ ಟೆನೆಸಿ ವಿಲಿಯಮ್ಸ್‌ನ ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್ ಎಂಬ ಗಂಭೀರ ಕೃತಿಯನ್ನು ಹಾಡುಕುಣಿತಗಳಲ್ಲಿ ಮುಳುಗಿಸಿದ ಅವತಾರ. ಅತ್ತ ತಾಯಿ ತಾಲೀಮಿನಲ್ಲಿರುವಾಗ ಇತ್ತ ಕೂಸು ಮ್ಯಾಗಿಯನ್ನು ಶಿಶುವಿಹಾರದಲ್ಲಿ ಬಿಡುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಮಕ್ಕಳ ಬಾಯಲ್ಲಿರುವ ನಿಪ್ಪಲ್‌ಗಳನ್ನೆಲ್ಲ ಕಸಿದು ಬೀಗ ಹಾಕಿಡುತ್ತಾಳೆ. ಮ್ಯಾಗಿ ಇತರ ಕೂಸುಗಳನ್ನು ಕಟ್ಟಿಕೊಂಡು ಅವನ್ನು ಬಿಡಿಸಿ ತರುವ ಕಾರ್ಯಾಚರಣೆ ನಡೆಸುತ್ತಾಳೆ, ಸಿಕ್ಕಿಬಿದ್ದು ಒಂಟಿ ಕಟಕಟೆಯಲ್ಲಿ ಕೂತು ಗೋಡೆಗೆ ಚೆಂಡು ಎಸೆಯುತ್ತಾಳೆ, ಮತ್ತೆ ಪ್ರಯತ್ನಿಸುತ್ತಾಳೆ. ಇದೆಲ್ಲದರ ಹಿಂದೆ ನುಡಿಯುವುದು 1963ರ ದಿ ಗ್ರೇಟ್ ಎಸ್ಕೇಪ್ ಎಂಬ ಯುದ್ಧಕೈದಿಗಳ ಸಿನಿಮಾದ ಧಾಟಿ, ಚೆಂಡು ಎಸೆಯುವ ಭಂಗಿ ಅದರಲ್ಲಿ ಸ್ಟೀವ್ ಮ್ಯಾಕ್ವೀನ್‌ನದು. ಕಂತಿನ ಕೊನೆಯ ಕಡೆಗೆ ತಂದೆ ಹೋಮರ್ ಒಳಗೆ ಬಂದರೆ, ಕೋಣೆಯ ತುಂಬ, ಕಪಾಟುಗಳ ಮೇಲೆಲ್ಲ ಕೂತ ಕೂಸುಗಳು ಚುಪ್‌ಚುಪ್ ಎಂದು ನಿಪ್ಪಲ್ ಚೀಪುತ್ತ ಅವನನ್ನೇ ದಿಟ್ಟಿಸುತ್ತಿರುತ್ತವೆ. ಅದು ಆಲ್‌ಫ್ರೆಡ್ ಹಿಚ್‌ಕಾಕ್‌ನ ದಿ ಬರ್ಡ್ಸ್ ಚಿತ್ರದ ಹಕ್ಕಿಗಳ ದೃಶ್ಯ.

ಇದರಲ್ಲಿ ಒಂದನ್ನೂ ತಿಳಿಯದ ಎಂಟು ವರ್ಷದ ಹುಡುಗಿಗೂ, ಅನ್ಯಾಯಕ್ಕೊಳಗಾದ ಕೂಸುಗಳು ದೊಡ್ಡವರನ್ನು ಮಣಿಸಿದ ಕಥೆ ಪೂರ್ತಿಯಾಗಿ ದಕ್ಕುತ್ತದೆ. ಅವಳ ಪಕ್ಕದಲ್ಲಿ ಕೂತ, ಸೇನೆಯಿಂದ ನಿವೃತ್ತರಾದ ಅಜ್ಜನಿಗೆ ಬೇರೆಯದೇ ಬಾಗಿಲು ತೆರೆಯುತ್ತದೆ. ಕೊಡಗಿನಲ್ಲಿ ಅಂಥ ಅಜ್ಜಂದಿರಿಗೆ ಕೊರತೆಯಿಲ್ಲ, ಕಂಟೋನ್ಮೆಂಟ್ ಊರುಗಳ ಚಿತ್ರಮಂದಿರಗಳಲ್ಲಿ ಹಳೆಯ ಇಂಗ್ಲಿಷ್ ಯುದ್ಧಚಿತ್ರಗಳನ್ನು ನೋಡಿದವರು ಅವರಲ್ಲಿ ಬಹಳ. ದಿ ಸಿಂಪ್ಸನ್ಸ್‌ನ ಮಟ್ಟಿಗೆ ಮೊಮ್ಮಕ್ಕಳಿಗಿಂತ ಅಜ್ಜಂದಿರೇ ಹೆಚ್ಚು ಸಿದ್ಧರಾದ ಪ್ರೇಕ್ಷಕರು, ಏಕೆಂದರೆ ಅದರ ಬರಹಗಾರರು ಅಣಕಕ್ಕೆ ಎತ್ತಿಕೊಂಡದ್ದು ಬಹುಪಾಲು ತಮ್ಮ ಬಾಲ್ಯದ ಮತ್ತು ಅದಕ್ಕಿಂತ ಹಿಂದಿನ ಸಿನಿಮಾಗಳನ್ನು. 1993ರ ರೋಸ್‌ಬಡ್ ಎಂಬ ಕಂತು 1941ರ ಸಿಟಿಜನ್ ಕೇನ್ ಚಿತ್ರದ ನೆರಳಿನಲ್ಲಿ ನಡೆಯುತ್ತದೆ. ಮುದಿ ಶ್ರೀಮಂತ ಬರ್ನ್ಸ್ ತನ್ನ ಬಾಲ್ಯದ ಕರಡಿಗೊಂಬೆಗಾಗಿ ಹಂಬಲಿಸುವ ಆ ಕಥೆಗೂ ಮೂಲದ ಊರುಗೋಲು ಬೇಕಿಲ್ಲ.

ಅದೇ ವರ್ಷದ ಕೇಪ್ ಫಿಯರ್ ಕಂತನ್ನು ನಾನು ಇನ್ನೂ ಎತ್ತರದಲ್ಲಿಡುತ್ತೇನೆ. ಸೈಡ್‌ಷೋ ಬಾಬ್ ಎಂಬ ಸುಸಂಸ್ಕೃತ ಕೊಲೆಗಡುಕ ಮನೆಯ ಹುಡುಗ ಬಾರ್ಟ್ ಸಿಂಪ್ಸನ್‌ನನ್ನು ಬೆನ್ನಟ್ಟುವ ಈ ಕಥೆಯ ಚೌಕಟ್ಟು 1962ರಲ್ಲಿ ತಯಾರಾಗಿ 1991ರಲ್ಲಿ ಮತ್ತೆ ತಯಾರಾದ ಅದೇ ಹೆಸರಿನ ಸಿನಿಮಾದ್ದು. ಆದರೆ ನೋಡಿದವರ ನೆನಪಿನಲ್ಲಿ ಉಳಿಯುವುದು ಬಾಬ್ ಮತ್ತೆ ಮತ್ತೆ ಕುಂಟೆಕೋಲುಗಳನ್ನು ತುಳಿದು, ಅವುಗಳ ಹಿಡಿ ಮುಖಕ್ಕೆ ಬಡಿದು, ಪ್ರತಿ ಸಲವೂ ಒಂದೇ ಬಗೆಯಲ್ಲಿ ಗೊಣಗುವ ದೃಶ್ಯ. ಕಂತಿನ ಅವಧಿ ಕಡಿಮೆ ಬಿದ್ದದ್ದರಿಂದ ಅದನ್ನು ಎಳೆಯಲಾಯಿತು. ಎಳೆದದ್ದೇ ವರವಾಯಿತು. ಮೊದಲ ಪೆಟ್ಟಿಗೆ ನಗು, ನಾಲ್ಕನೆಯದಕ್ಕೆ ಬೇಸರ, ಏಳನೆಯ ಹೊತ್ತಿಗೆ ತಡೆಯಲಾರದ ನಗು. ಅಣಕದ ಕಂತೊಂದರ ಅತ್ಯುತ್ತಮ ಕ್ಷಣವೇ ಅಣಕಕ್ಕೆ ಸಂಬಂಧಪಡದ್ದಾಗಿರುವುದು ನನ್ನ ಅಳತೆಗೋಲಿಗೆ ಸಿಕ್ಕ ದೊಡ್ಡ ಸಾಕ್ಷಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂಗಡಿಯ ಅಪು ಎಂಬ ಭಾರತೀಯ ಪಾತ್ರದ ಉಚ್ಚಾರಣೆ ಮತ್ತು ನಹಸಪೀಮಪೆಟಿಲಾನ್ ಎಂಬ ಕುಲನಾಮ ಎರಡೂ ನಮ್ಮ ಕಡೆಯವರನ್ನು ಕುರಿತ ಗೇಲಿಯೇ. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ಈ ಪಾತ್ರವನ್ನು ಪ್ರಶ್ನಿಸಿ ಸಾಕ್ಷ್ಯಚಿತ್ರ ತಯಾರಿಸಿದರು, 2020ರಲ್ಲಿ ಅದಕ್ಕೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ ಅದನ್ನು ಕೈಬಿಟ್ಟರು. ಮನೆತನದ ಹೆಸರನ್ನು ತಮ್ಮ ಹೆಸರಿಗಿಂತ ಮುಂದಿಟ್ಟುಕೊಂಡು ಬದುಕುವ ಜನರಿರುವ ಜಿಲ್ಲೆಯಲ್ಲಿ, ಉದ್ದದ ಹೆಸರಿಗೆ ನಗುವ ಹಾಸ್ಯ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಅಪುವಿನ ಪಾತ್ರ ಬಂದಾಗಲೆಲ್ಲ ಕಂತೇ ಕೆಟ್ಟಿತು ಎಂದೂ ಹೇಳಲಾಗದು. ಕೆಲವು ಕಂತುಗಳು ಅವನ ವಲಸಿಗ ಬದುಕಿನ ಪಾಡನ್ನು ಸಹಾನುಭೂತಿಯಿಂದಲೇ ಕಂಡಿವೆ.

ಫ್ಯಾಮಿಲಿ ಗೈ: ಗೊತ್ತಿದ್ದವರಿಗೆ ಮಾತ್ರ

ಸೆತ್ ಮ್ಯಾಕ್‌ಫಾರ್ಲೇನ್ ಅವರ ಈ ಸರಣಿ 1999ರ ಜನವರಿ 31ರಂದು ಆರಂಭವಾಯಿತು. 2002ರಲ್ಲಿ ನಿಂತುಹೋಯಿತು. ಡಿವಿಡಿ ಮಾರಾಟವೂ ಮರುಪ್ರಸಾರವೂ ಚೆನ್ನಾಗಿ ನಡೆದದ್ದರಿಂದ 2005ರಲ್ಲಿ ಮರಳಿ ಬಂದಿತು. ತಂದೆ, ತಾಯಿ, ಮೂವರು ಮಕ್ಕಳು, ನಾಯಿ ಇರುವ ಮನೆ ಎಂಬ ಹೊರರೂಪ ಸಿಂಪ್ಸನ್ಸ್‌ಗೆ ಹತ್ತಿರವಾದರೂ ಅಣಕದ ವಿಧಾನ ಬೇರೆ. ಇಲ್ಲಿ ತಂದೆ ಪೀಟರ್ ಗ್ರಿಫಿನ್ ಮಾತಿನ ನಡುವೆ ‘ಆ ಸಲ ಹೀಗಾಗಿತ್ತಲ್ಲ, ಅದಕ್ಕಿಂತ ಇದು ಕಷ್ಟ’ ಎನ್ನುತ್ತಾನೆ. ಕೂಡಲೇ ಕಥೆ ಕತ್ತರಿಸಿ, ಸಂಬಂಧವೇ ಇಲ್ಲದ ಹತ್ತು-ಇಪ್ಪತ್ತು ಸೆಕೆಂಡುಗಳ ತುಣುಕೊಂದು ಬರುತ್ತದೆ. ಅದರಲ್ಲಿ 1980ರ ದಶಕದ ಅಮೆರಿಕದ ಯಾವುದೋ ಟಿ.ವಿ. ನಟನೋ, ಬೆಳಗಿನ ತಿಂಡಿಯ ಜಾಹೀರಾತಿನ ಬೊಂಬೆಯೋ ಕಾಣಿಸಿಕೊಂಡು ಮರೆಯಾಗುತ್ತದೆ.

ಈ ತುಣುಕುಗಳಲ್ಲಿ ಬಹುಪಾಲು, ಗುರುತಿಸಿದ ಸಂತೋಷವೇ ಹಾಸ್ಯ. ಗುರುತಿಸದವರಿಗೆ ಅಲ್ಲಿ ಉಳಿಯುವುದು ಏನೂ ಇಲ್ಲ. ಹೀಗಾಗಿ ನನ್ನ ಅಳತೆಗೋಲಿನ ಪ್ರಕಾರ ಕೊಡಗಿನ ಹೊಸ ಪ್ರೇಕ್ಷಕರಿಗೆ ಇದು ಐದರಲ್ಲಿ ಕೊನೆಯ ಆಯ್ಕೆ. 2006ರಲ್ಲಿ ಸೌತ್ ಪಾರ್ಕ್ ಎರಡು ಕಂತುಗಳಲ್ಲಿ ಈ ವಿಧಾನವನ್ನೇ ಹಾಸ್ಯಕ್ಕೆ ಎತ್ತಿಕೊಂಡಿತು. ತೊಟ್ಟಿಯಲ್ಲಿ ಈಜುವ ಮನಾಟಿ ಎಂಬ ಕಡಲಪ್ರಾಣಿಗಳು, ಒಂದೊಂದು ಪದ ಬರೆದ ಚೆಂಡುಗಳನ್ನು ಮೂತಿಯಿಂದ ತಳ್ಳಿ ಜೋಡಿಸಿದ್ದೇ ಫ್ಯಾಮಿಲಿ ಗೈನ ಚಿತ್ರಕಥೆ ಎಂದು ಅದು ತೋರಿಸಿತು. ಟೀಕೆ ಕ್ರೂರವಾದದ್ದು, ಆದರೆ ತಪ್ಪೆನ್ನಲಾಗದು.

ಹಾಗೆಂದು ಈ ಸರಣಿಯನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. 2007ರ ಬ್ಲೂ ಹಾರ್ವೆಸ್ಟ್ ಎಂಬ ದೀರ್ಘ ಕಂತು ಮೊದಲ ಸ್ಟಾರ್ ವಾರ್ಸ್ ಚಿತ್ರವನ್ನು ದೃಶ್ಯ ದೃಶ್ಯವಾಗಿ ಹಿಂಬಾಲಿಸಿ, ಅದರ ತರ್ಕದ ತೂತುಗಳನ್ನು ಪ್ರೀತಿಯಿಂದಲೇ ತೋರಿಸುತ್ತದೆ. ಮೂಲ ಚಿತ್ರವನ್ನು ನೋಡಿದವರಿಗೆ ಅದು ಒಳ್ಳೆಯ ಪ್ರವೇಶ. ಇನ್ನೊಂದು ಅನುಕೂಲ ನಮ್ಮ ಹವಾಮಾನಕ್ಕೆ ಸಂಬಂಧಿಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಮನೆಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆ, ನೆಟ್‌ವರ್ಕ್ ಯಾವಾಗ ಬರುತ್ತದೆ ಎಂದು ಹೇಳಲಾಗದು. ತುಣುಕುತುಣುಕಾಗಿಯೇ ಕಟ್ಟಿದ ಫ್ಯಾಮಿಲಿ ಗೈಯನ್ನು ಎಲ್ಲಿ ನಿಲ್ಲಿಸಿದರೂ, ಎಲ್ಲಿಂದ ಹಿಡಿದರೂ ನಷ್ಟ ಕಡಿಮೆ.

ಈ ಸರಣಿಯ ಒಂದು ಮೊಕದ್ದಮೆಯನ್ನೂ ಇಲ್ಲಿ ನೆನೆಯಬಹುದು. ಹಿರಿಯ ಹಾಸ್ಯನಟಿ ಕ್ಯಾರಲ್ ಬರ್ನೆಟ್ ತಮ್ಮ ಪ್ರಸಿದ್ಧ ಪಾತ್ರವನ್ನು ಒಂದು ತುಣುಕಿನಲ್ಲಿ ಬಳಸಿದ್ದಕ್ಕಾಗಿ 2007ರಲ್ಲಿ ದಾವೆ ಹೂಡಿದರು. ನ್ಯಾಯಾಲಯ ಅದನ್ನು ವಜಾ ಮಾಡಿತು. ಅಣಕವೂ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ನ್ಯಾಯಸಮ್ಮತ ಬಳಕೆಯಾಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿತ್ತು. ಈ ಸರಣಿಗಳೆಲ್ಲ ಇಷ್ಟು ಧೈರ್ಯದಿಂದ ಪರರ ಕೃತಿಗಳಿಗೆ ಕೈಹಾಕಲು ಅಂಥ ಕಾನೂನಿನ ಆಸರೆಯೂ ಒಂದು ಕಾರಣ.

ಸೌತ್ ಪಾರ್ಕ್: ಆರು ದಿನದ ಬಿಸಿ

ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ 1997ರ ಆಗಸ್ಟ್ 13ರಂದು ಆರಂಭಿಸಿದ ಸೌತ್ ಪಾರ್ಕ್ ಉಳಿದವುಗಳಿಂದ ಬೇರೆಯಾಗುವುದು ವೇಗದಲ್ಲಿ. ಉಳಿದ ಸರಣಿಗಳ ಒಂದು ಕಂತಿಗೆ ಹಲವು ತಿಂಗಳು ಹಿಡಿದರೆ, ಇವರು ಸಾಮಾನ್ಯವಾಗಿ ಆರು ದಿನಗಳಲ್ಲಿ ಕಥೆ, ಚಿತ್ರ, ದನಿ ಎಲ್ಲವನ್ನೂ ಮುಗಿಸುತ್ತಾರೆ. 2008ರಲ್ಲಿ ಬರಾಕ್ ಒಬಾಮಾ ಗೆದ್ದ ಮರುದಿನ, ನವೆಂಬರ್ 5ರಂದೇ, ಆ ಗೆಲುವಿನ ಭಾಷಣದ ಮಾತುಗಳನ್ನೂ ಒಳಗೊಂಡ ಕಂತು ಪ್ರಸಾರವಾಯಿತು. 2013ರ ಅಕ್ಟೋಬರ್‌ನಲ್ಲಿ ಒಮ್ಮೆ ಸ್ಟುಡಿಯೊದಲ್ಲಿ ಕರೆಂಟು ಹೋದದ್ದರಿಂದ, ಅವರ ಇತಿಹಾಸದಲ್ಲೇ ಮೊದಲ ಬಾರಿಗೆ ಕಂತು ಗಡುವಿಗೆ ಸರಿಯಾಗಿ ಮುಗಿಯದೆ ಹೋಯಿತು. ಮಳೆಗಾಲದ ಕೊಡಗಿನವರು ಅವರ ಪಾಡನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥಮಾಡಿಕೊಂಡಾರು.

ವೇಗದ ಲಾಭವೂ ನಷ್ಟವೂ ಒಂದೇ ಕಡೆ ಇವೆ. ಆ ವಾರದ ಸುದ್ದಿ ಗೊತ್ತಿದ್ದವರಿಗೆ ಕಂತು ಬಿಸಿಬಿಸಿಯಾಗಿರುತ್ತದೆ. ಹತ್ತು ವರ್ಷದ ನಂತರ ನೋಡುವವರಿಗೆ ಮರೆತುಹೋದ ಸೆನೆಟರನ ಹೆಸರು, ಮಾಸಿದ ಹಗರಣ ಅಡ್ಡ ಬರುತ್ತವೆ. ಆದ್ದರಿಂದ ಸುದ್ದಿಯ ಕಂತುಗಳನ್ನು ಬಿಟ್ಟು, ಮಕ್ಕಳ ಆಟವನ್ನು ಆಧರಿಸಿದ ಕಂತುಗಳನ್ನು ಆರಿಸಿಕೊಳ್ಳಬೇಕು. 1999ರ ಚಿನ್‌ಪೊಕೊಮಾನ್ ಕಂತು ಪೋಕೆಮಾನ್ ಹುಚ್ಚಿನ ಅಣಕ. ಊರಿನ ಮಕ್ಕಳೆಲ್ಲ ಒಂದೇ ಬಗೆಯ ಆಟಿಕೆಗಾಗಿ ಹಠ ಹಿಡಿಯುವುದು, ಯಾಕೆ ಬೇಕೆಂದು ಅವರಿಗೂ ಗೊತ್ತಿಲ್ಲದಿರುವುದು, ತಂದೆತಾಯಿ ಸೋತು ಕೊಡಿಸುವುದು ಯಾವ ಊರಿನಲ್ಲಿ ನಡೆದಿಲ್ಲ? ಆಟಿಕೆಯ ಹೆಸರು ಬದಲಾದರೂ ಕಂತು ಹಳತಾಗಿಲ್ಲ. 2002ರ ಇನ್ನೊಂದು ಕಂತಿನಲ್ಲಿ ಬಟರ್ಸ್ ಎಂಬ ಹುಡುಗ ಲೋಕವನ್ನು ನಾಶಮಾಡಲು ಹೂಡುವ ಪ್ರತಿಯೊಂದು ಸಂಚನ್ನೂ ಸಿಂಪ್ಸನ್ಸ್ ಆಗಲೇ ಮಾಡಿ ಮುಗಿಸಿದೆ ಎಂಬ ಉತ್ತರ ಬರುತ್ತದೆ. ಕೊನೆಗೆ ಸಿಂಪ್ಸನ್ಸ್‌ನವರೂ ಅದನ್ನು ಹಳೆಯ ಟ್ವೈಲೈಟ್ ಜೋನ್ ಸರಣಿಯಿಂದ ತೆಗೆದುಕೊಂಡಿದ್ದರು ಎಂದು ಪಾತ್ರಗಳೇ ಹೇಳುತ್ತವೆ. ಅಣಕ ಮಾಡುವವರು ತಮ್ಮ ಸಾಲವನ್ನು ಒಪ್ಪಿಕೊಂಡ ಈ ಕಂತನ್ನು ಸಿಂಪ್ಸನ್ಸ್ ನೋಡಿದ ಮೇಲೆಯೇ ನೋಡುವುದು ಮೇಲು.

ಈ ಸರಣಿಯ ಬೈಗುಳ, ಅಶ್ಲೀಲತೆ, ಧರ್ಮ-ದೇವರುಗಳನ್ನೂ ಬಿಡದ ಲೇವಡಿ ಕೆಲವರಿಗೆ ಹಿಡಿಸದು, ಮಕ್ಕಳಿಗಂತೂ ಇದು ಸಲ್ಲದು. ಆದರೆ ಅದರ ಮನೋಧರ್ಮ ನಮಗೆ ಪೂರ್ತಿ ಹೊಸದೇನಲ್ಲ. ಮೇ ತಿಂಗಳ ಕೊನೆಯಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಕುರುಬ, ಯರವ ಸಮುದಾಯದವರು ಚಿತ್ರವಿಚಿತ್ರ ವೇಷ ತೊಟ್ಟು, ಗೋಣಿಕೊಪ್ಪಲು, ತಿತಿಮತಿಗಳ ಅಂಗಡಿಬೀದಿಗಳಲ್ಲಿ ಕಂಡಕಂಡವರನ್ನು ಬೈದು ಹಾಡಿ ಕಾಸು ಕೇಳುವುದನ್ನು ನೋಡಿದವರಿಗೆ, ದೇವರಿಂದ ಹಿಡಿದು ಧಣಿಯವರೆಗೆ ಯಾರಿಗೂ ರಿಯಾಯಿತಿ ಇಲ್ಲದ ನಗೆ ಎಂಥದೆಂದು ತಿಳಿದಿದೆ. ಅಲ್ಲಿ ಬೈಗುಳಕ್ಕೆ ಹಬ್ಬದ ದಿನದ ಅಂಕೆ ಇದೆ, ಬೈದವರು ಕೊನೆಗೆ ದೇವರ ಮುಂದೆ ತಪ್ಪೊಪ್ಪಿಗೆ ಸಲ್ಲಿಸುತ್ತಾರೆ. ಸೌತ್ ಪಾರ್ಕ್‌ಗೆ ಅಂಥ ಅಂಕೆಯೇನೂ ಇಲ್ಲ, ಪ್ರತಿ ಕಂತಿನ ಆರಂಭದಲ್ಲಿ ಬರುವ, ನಿಜವ್ಯಕ್ತಿಗಳನ್ನು ಆಧರಿಸಿದ ಪಾತ್ರಗಳೂ ಸಂಪೂರ್ಣ ಕಾಲ್ಪನಿಕ ಎಂಬ ತುಂಟ ಹೇಳಿಕೆಯೊಂದನ್ನು ಬಿಟ್ಟರೆ.

ಫ್ಯೂಚುರಾಮಾ ಮತ್ತು ರಿಕ್ ಆ್ಯಂಡ್ ಮಾರ್ಟಿ

ಎರಡೂ ವಿಜ್ಞಾನಕಥೆಯ ಸರಣಿಗಳು, ಎರಡಕ್ಕೂ ಆ ಪ್ರಕಾರದ ಸಿನಿಮಾಗಳೇ ಮುಖ್ಯ ಮೇವು. ಹಾಗಾಗಿ ಇವೆರಡರ ನಡುವೆ ಆರಿಸಬೇಕಾದವರು ಹೆಚ್ಚು.

ಫ್ಯೂಚುರಾಮಾ ಕೂಡ ಗ್ರೇನಿಂಗ್ ಅವರದೇ, 1999ರ ಮಾರ್ಚ್ 28ರಂದು ಆರಂಭವಾದದ್ದು. ಫ್ರೈ ಎಂಬ ಪಿಜ್ಜಾ ತಲುಪಿಸುವ ಹುಡುಗ 1999ರ ಕೊನೆಯ ದಿನ ಹೆಪ್ಪುಗಟ್ಟಿ, ಸಾವಿರ ವರ್ಷಗಳ ನಂತರ ಕಣ್ಣು ಬಿಡುತ್ತಾನೆ. ಈ ಏರ್ಪಾಡಿನಲ್ಲಿ ಒಂದು ಜಾಣತನವಿದೆ, ಅದನ್ನು ಸಾಕಷ್ಟು ಮಂದಿ ಗಮನಿಸಿಲ್ಲ ಎಂದು ನನಗನಿಸುತ್ತದೆ. ಮೂವತ್ತೊಂದನೆಯ ಶತಮಾನದವರಿಗೆ ಇಪ್ಪತ್ತನೆಯ ಶತಮಾನದ ಟಿ.ವಿ. ಕಾರ್ಯಕ್ರಮಗಳು ಗೊತ್ತಿರುವುದಿಲ್ಲ, ಫ್ರೈ ಅವರಿಗೆ ಅವನ್ನು ವಿವರಿಸಬೇಕಾಗುತ್ತದೆ. ಹೀಗೆ ಉಲ್ಲೇಖ ತಿಳಿಯದವರ ಪರವಾಗಿ ಪರದೆಯ ಮೇಲೇ ಹಲವು ಪಾತ್ರಗಳು ಇರುವುದರಿಂದ, ತಿಳಿಯದ ಪ್ರೇಕ್ಷಕರು ಹೊರಗುಳಿದಂತೆ ಭಾಸವಾಗುವುದೇ ಇಲ್ಲ. 1999ರ ವೆನ್ ಏಲಿಯನ್ಸ್ ಅಟ್ಯಾಕ್ ಕಂತಿನಲ್ಲಿ, ಸಾವಿರ ಜ್ಯೋತಿರ್ವರ್ಷ ದೂರದ ಗ್ರಹದವರು ವಕೀಲೆಯೊಬ್ಬಳ ಧಾರಾವಾಹಿಯನ್ನು ಸಾವಿರ ವರ್ಷ ತಡವಾಗಿ ನೋಡುತ್ತಿರುತ್ತಾರೆ. ಅದರ ಪ್ರಸಾರ ಕಥೆಯ ಕಟ್ಟಕಡೆಯ ಘಟ್ಟದಲ್ಲಿ ನಿಂತುಹೋದದ್ದಕ್ಕೆ ಸಿಟ್ಟಾಗಿ ಅವರು ಭೂಮಿಯ ಮೇಲೆ ಯುದ್ಧ ಸಾರುತ್ತಾರೆ. ಆ ಧಾರಾವಾಹಿ ಆ್ಯಲಿ ಮೆಕ್‌ಬೀಲ್ ಎಂಬುದರ ಅಣಕ ಎಂದು ತಿಳಿಯದಿದ್ದರೂ ಏನೂ ಕೆಡುವುದಿಲ್ಲ. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗಿ ಧಾರಾವಾಹಿಯ ಮುಖ್ಯ ದೃಶ್ಯ ತಪ್ಪಿಸಿಕೊಂಡವರೆಲ್ಲ ಆ ಅನ್ಯಗ್ರಹದವರ ಪಕ್ಷ ವಹಿಸುತ್ತಾರೆ.

ಇದಕ್ಕೆ ವಿರುದ್ಧವಾಗಿ, ಸ್ಟಾರ್ ಟ್ರೆಕ್ ಎಂಬ ಹಳೆಯ ಅಂತರಿಕ್ಷ ಸರಣಿಯನ್ನು ಅಣಕಿಸುವ 2002ರ ಕಂತನ್ನು ಮಾತ್ರ ಮೊದಲಿಗೇ ನೋಡಬಾರದು. ವಿಲಿಯಂ ಶಾಟ್ನರ್, ಲೆನರ್ಡ್ ನಿಮಾಯ್ ಸೇರಿದಂತೆ ಮೂಲ ಸರಣಿಯ ಹಲವು ನಟರು ತಾವು ತಾವಾಗಿಯೇ ಕಾಣಿಸಿಕೊಂಡು ದನಿ ಕೊಟ್ಟಿರುವ ಆ ಕಂತು ಅಭಿಮಾನಿಗಳ ಭಕ್ತಿಯನ್ನೇ ಹಾಸ್ಯ ಮಾಡುತ್ತದೆ, ಮೂಲದ ಪರಿಚಯವಿಲ್ಲದವರಿಗೆ ಅದು ಬರೀ ಗದ್ದಲ.

ರಿಕ್ ಆ್ಯಂಡ್ ಮಾರ್ಟಿ 2013ರ ಡಿಸೆಂಬರ್ 2ರಂದು ಆರಂಭವಾಯಿತು. ಡ್ಯಾನ್ ಹಾರ್ಮನ್ ಮತ್ತು ಜಸ್ಟಿನ್ ರಾಯ್ಲ್ಯಾಂಡ್ ಇದರ ಸೃಷ್ಟಿಕರ್ತರು. ಬ್ಯಾಕ್ ಟು ದಿ ಫ್ಯೂಚರ್ ಚಿತ್ರದ ಮುದಿ ವಿಜ್ಞಾನಿ ಮತ್ತು ಹುಡುಗನ ಜೋಡಿಯನ್ನು ಅಶ್ಲೀಲವಾಗಿ ಅಣಕಿಸಿದ ರಾಯ್ಲ್ಯಾಂಡ್‌ನ ಕಿರುಚಿತ್ರವೊಂದು ಇದರ ಬೀಜ. ಹುಟ್ಟು ಅಣಕದಲ್ಲಾದರೂ ಬೆಳೆದದ್ದು ಬೇರೆ ದಾರಿಯಲ್ಲಿ: ಇದು ಯಾವುದೋ ಒಂದು ಸಿನಿಮಾವನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಕಥೆ ಹೇಳುವ ಸವೆದ ತಂತ್ರಗಳನ್ನು ಹಿಡಿಯುತ್ತದೆ. 2015ರ ಟೋಟಲ್ ರಿಕಾಲ್ ಕಂತಿನಲ್ಲಿ ಪರಜೀವಿಗಳು ಮನೆಯೊಳಗೆ ಹೊಕ್ಕು, ತಾವು ಹಳೆಯ ನೆಂಟರು, ಗೆಳೆಯರು ಎಂಬ ಸುಳ್ಳು ನೆನಪುಗಳನ್ನು ಎಲ್ಲರ ತಲೆಯಲ್ಲಿ ತುಂಬುತ್ತವೆ. ಪ್ರತಿಯೊಂದು ಹೊಸ ಫ್ಲ್ಯಾಶ್‌ಬ್ಯಾಕ್‌ಗೂ ಮನೆಯಲ್ಲಿ ನೆಂಟರ ಸಂಖ್ಯೆ ಏರುತ್ತದೆ. ಟಿ.ವಿ. ಧಾರಾವಾಹಿಗಳ ಫ್ಲ್ಯಾಶ್‌ಬ್ಯಾಕ್ ಚಾಳಿಯ ಮೇಲಿನ ಈ ಗೇಲಿ ಅರ್ಥವಾಗಲು ಅಮೆರಿಕದ ಒಂದೇ ಒಂದು ಸರಣಿಯನ್ನೂ ನೋಡಿರಬೇಕಿಲ್ಲ, ಕನ್ನಡದ ಸಂಜೆ ಧಾರಾವಾಹಿಗಳೇ ಸಾಕು.

ಜನಪ್ರಿಯ ಸಂಸ್ಕೃತಿಯನ್ನು ಉಲ್ಲೇಖಿಸುವ ಸರಣಿ ತಾನೇ ಅದರ ಭಾಗವಾಗುವುದಕ್ಕೂ ಇದೇ ಉದಾಹರಣೆ. 1998ರಲ್ಲಿ ಮುಲಾನ್ ಚಿತ್ರದ ಪ್ರಚಾರಕ್ಕಾಗಿ ಮೆಕ್‌ಡೊನಾಲ್ಡ್ಸ್ ಕೊಟ್ಟಿದ್ದ ಸಿಚುವಾನ್ ಸಾಸನ್ನು 2017ರ ಒಂದು ಕಂತು ನೆನಪಿಸಿತು. ಅಭಿಮಾನಿಗಳ ಒತ್ತಾಯಕ್ಕೆ ಆ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ಮರಳಿ ತಂದಿತು. ಸಾಲಿನಲ್ಲಿ ನಿಂತ ಬಹಳ ಮಂದಿಗೆ ಅದು ಸಿಗದೆ ಗಲಾಟೆಯಾಯಿತು. ಇಂಥ ಅಬ್ಬರ ಈ ಸರಣಿಯ ಸುತ್ತ ಹೆಚ್ಚು, ಅದನ್ನು ಬದಿಗಿಟ್ಟು ನೋಡುವವರಿಗೆ ಒಳಗಿನ ಕಸುಬು ಕಾಣುತ್ತದೆ. ಒಂದು ದೃಶ್ಯ ತಪ್ಪಿದರೂ ಕಥೆಯ ಎಳೆ ಕೈಬಿಟ್ಟು ಹೋಗುವುದರಿಂದ, ತೋಟದ ಮನೆಯವರು ನೆಟ್‌ವರ್ಕ್ ಸಿಗುವ ಕಡೆ ಕಂತುಗಳನ್ನು ಡೌನ್‌ಲೋಡ್ ಮಾಡಿಕೊಂಡು ನೋಡುವುದು ಸೂಕ್ತ. ಎರಡರಲ್ಲಿ ಒಂದನ್ನೇ ಹೇಳಬೇಕೆಂದರೆ, ಮನೆಯವರೆಲ್ಲ ಕೂತು ನೋಡಲು ಫ್ಯೂಚುರಾಮಾ, ಕಾಲೇಜು ಹುಡುಗರು ತಮ್ಮಷ್ಟಕ್ಕೆ ನೋಡಲು ರಿಕ್ ಆ್ಯಂಡ್ ಮಾರ್ಟಿ.

ಮಕ್ಕಳಿರುವ ಮನೆಗಳಿಗೆ

ಕಾರ್ಟೂನ್ ಎಂದರೆ ಮಕ್ಕಳದೇ ಎಂಬ ನಂಬಿಕೆಯಿಂದ ರಿಮೋಟನ್ನು ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುವುದು ಈ ಐದು ಸರಣಿಗಳ ಮಟ್ಟಿಗೆ ಅಪಾಯ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ವೇದಿಕೆಗಳು ಯಾವ ವಯಸ್ಸಿನವರಿಗೆ ಯಾವುದು ತಕ್ಕದ್ದೆಂದು ಗುರುತು ಹಾಕಬೇಕು, ಅದನ್ನು ಮೊದಲು ನೋಡಿಕೊಳ್ಳಿ. ಸಿಂಪ್ಸನ್ಸ್‌ನ ಹಳೆಯ ಕಂತುಗಳನ್ನು ದೊಡ್ಡವರ ಜೊತೆಯಲ್ಲಿ ಹತ್ತು ದಾಟಿದ ಮಕ್ಕಳು ನೋಡಬಹುದು. ಸೌತ್ ಪಾರ್ಕ್, ಫ್ಯಾಮಿಲಿ ಗೈ, ರಿಕ್ ಆ್ಯಂಡ್ ಮಾರ್ಟಿ ಮೂರೂ ಬೇಡ.

ಚಿಕ್ಕವರಿಗೆ ಅಣಕದ ರುಚಿ ಹತ್ತಿಸಲು ಬೇರೆ ದಾರಿಗಳಿವೆ. 1990ರಲ್ಲಿ ಯೋಶಿಟೊ ಉಸುಯಿ ಅವರ ಕಾಮಿಕ್ಸ್ ಆಗಿ ಹುಟ್ಟಿ 1992ರಿಂದ ಟಿ.ವಿ.ಗೆ ಬಂದ ಜಪಾನಿನ ಶಿನ್‌ಚಾನ್‌ನಲ್ಲಿ, ಆ ಪುಟ್ಟ ಹುಡುಗ ಆರಾಧಿಸುವ ಆ್ಯಕ್ಷನ್ ಕಾಮೆನ್ ಎಂಬ ಮುಖವಾಡದ ವೀರ ಜಪಾನಿನ ವೇಷಧಾರಿ ನಾಯಕರೆಲ್ಲರ ಅಣಕ. ಶಕ್ತಿಮಾನ್‌ನನ್ನು ನೋಡಿ ಬೆಳೆದ ತಂದೆತಾಯಿಗೆ ಅದನ್ನು ವಿವರಿಸಬೇಕಿಲ್ಲ. ಶಿನ್‌ಚಾನ್‌ನ ತುಂಟತನ ಅತಿಯಾಯಿತೆಂಬ ದೂರಿನ ಮೇಲೆ 2008ರಲ್ಲಿ ಭಾರತದಲ್ಲಿ ಅದರ ಪ್ರಸಾರ ನಿಂತು, ಕತ್ತರಿ ಪ್ರಯೋಗದ ನಂತರ ಮರುವರ್ಷ ಮರಳಿತು. ಇನ್ನೊಂದು, ಫ್ರಾನ್ಸಿನ ಆಗ್ಗಿ (Oggy) ಎಂಬ ಬೆಕ್ಕು ಮತ್ತು ಜಿರಲೆಗಳ ಕಾರ್ಟೂನ್. ಮೂಲದಲ್ಲಿ ಬಹುತೇಕ ಮಾತೇ ಇಲ್ಲದ ಇದಕ್ಕೆ ಹಿಂದಿ ಡಬ್ಬಿಂಗ್‌ನವರು ಹಿಂದಿ ತಾರೆಯರ ದನಿಗಳ ಅನುಕರಣೆಯನ್ನು ಸೇರಿಸಿದರು, ನೀಲಿ ಬೆಕ್ಕು ಶಾರುಖ್ ಖಾನ್ ಧಾಟಿಯಲ್ಲಿ ಮಾತನಾಡುತ್ತದೆ. ಮೂಲದಲ್ಲಿ ಇಲ್ಲದ ಅಣಕವನ್ನು ಡಬ್ಬಿಂಗ್‌ನಲ್ಲಿ ಹುಟ್ಟಿಸಿ ಗೆದ್ದ ಇಂಥ ಉದಾಹರಣೆ ಅಪರೂಪ.

ಮೂಲವನ್ನು ಮೊದಲು ನೋಡಬೇಕೇ?

ಎಲ್ಲದಕ್ಕೂ ಒಂದೇ ಉತ್ತರವಿಲ್ಲ. ಕೇಪ್ ಫಿಯರ್ ಕಂತನ್ನು ಮೊದಲು ನೋಡಿ, ಆಮೇಲೆ 1962ರ ಕಪ್ಪುಬಿಳುಪು ಸಿನಿಮಾಕ್ಕೆ ಹೋದರೆ ಸಿನಿಮಾದ ಭಯ ತುಸು ಕುಗ್ಗುತ್ತದೆ. ಭಯಾನಕ ಚಿತ್ರಗಳ ಹವ್ಯಾಸವಿರುವವರು ಆದ್ದರಿಂದ ಸಿನಿಮಾವನ್ನೇ ಮೊದಲು ನೋಡಲಿ. ದಿ ಗ್ರೇಟ್ ಎಸ್ಕೇಪ್‌ನ ವಿಷಯದಲ್ಲಿ ಕ್ರಮ ಹೇಗಿದ್ದರೂ ನಡೆಯುತ್ತದೆ. ಬ್ಲೂ ಹಾರ್ವೆಸ್ಟ್‌ಗೆ ಮೊದಲು 1977ರ ಸ್ಟಾರ್ ವಾರ್ಸ್ ಕಡ್ಡಾಯ, ಫ್ಯೂಚುರಾಮಾದ ಸ್ಟಾರ್ ಟ್ರೆಕ್ ಕಂತಿಗೆ ಮೊದಲು ಮೂಲ ಸರಣಿಯ ಬೆರಳೆಣಿಕೆಯ ಕಂತುಗಳಾದರೂ ಬೇಕು.

ಕಾಲೇಜು ದಿನಾಚರಣೆಗೋ ದಸರಾ ವೇದಿಕೆಗೋ ಅಣಕದ ಕಿರುನಾಟಕ ಬರೆಯುವವರು ಈ ಸರಣಿಗಳನ್ನು ನೋಡುವುದಾದರೆ, ಸಿಂಪ್ಸನ್ಸ್‌ನ ಶಿಶುವಿಹಾರದ ಕಂತನ್ನು ಎರಡು ಸಲ ನೋಡಬೇಕು: ಒಮ್ಮೆ ಶಬ್ದದೊಂದಿಗೆ, ಇನ್ನೊಮ್ಮೆ ಶಬ್ದವಿಲ್ಲದೆ. ಶಬ್ದ ತೆಗೆದಾಗ ಯುದ್ಧಚಿತ್ರದ ರಾಗ ಹೋಗುತ್ತದೆ, ಆಗಲೂ ಕೂಸುಗಳ ಕಥೆ ನಡೆಯುತ್ತಲೇ ಇರುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ (1957) 52ನೆಯ ಕಲಂ ವಿಮರ್ಶೆಗೆ ರಿಯಾಯಿತಿ ಕೊಡುತ್ತದೆಯಾದರೂ ಅಣಕವನ್ನು ಹೆಸರಿಸಿ ಹೇಳುವುದಿಲ್ಲ. ಹಾಗಾಗಿ ಕಿರುನಾಟಕವನ್ನು ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ, ಸಿನಿಮಾದ ಹಾಡನ್ನು ಹಾಗೆಯೇ ನುಡಿಸದೆ, ಅದರ ಧಾಟಿಯನ್ನು ನೆನಪಿಸುವ ನಿಮ್ಮದೇ ಹಾಡು ಕಟ್ಟಿಕೊಳ್ಳುವುದು ಕ್ಷೇಮ.